ಮನೆಯ ಬೇಲಿಗೆ ಕವಳೆಯ ಗಿಡ



ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನು ಬೇಲಿಯ ಗಿಡವೊಂದನ್ನು ಕುರಿತು ಮಾತನಾಡಲು ಹೊರಟರೆ ತಾವು ಆಶ್ಚರ್ಯಪಡುವುದು ಸಹಜ. ಸಸ್ಯಶಾಸ್ತ್ರದಲ್ಲಿ ನನಗೆ ಪಾಂಡಿತ್ಯವಿಲ್ಲ. ತೋಟಗಾರಿಕೆಯಲ್ಲಿ ನನಗಿರುವ ಅನುಭವವೂ ಒಂದು ಮನೆಯ ಕಾಂಪೌಂಡನ್ನು ಮೀರಿದ್ದಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ನಿವೇದಿಸಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಷೇಕ್ಸ್‌ಪಿಯರನ ವಿನೋದನಾಟಕವೊಂದನ್ನು ಓದಿಸುತ್ತಿದ್ದೆ. ಕ್ರಿಸ್ತನಿಗೆ ದ್ರೋಹ ಬಗೆದ ಯೂದನು ಎಲ್ಡರ್ ಮರಕ್ಕೆ ನೇಣು ಹಾಕಿಕೊಂಡನೆಂಬ ಹಳೆಯ ನಂಬಿಕೆಯನ್ನು ಆಧರಿಸಿ ಅಲ್ಲಿ ಒಂದು ಪರಿಹಾಸದ ಮಾತು ಬರುತ್ತದೆ. ನಾನು ಎಲ್ಡರ್ ಗಿಡದ ವರ್ಣನೆಗೆ ತೊಡಗಿದೆ: ಆಳೆತ್ತರವನ್ನು ಮೀರಿ ಬೆಳೆಯುವ ಪೊದೆ, ಬೇಸಗೆಯಲ್ಲಿ ಕೊಡೆ ಹರಡಿದಂತೆ ಬಿಳಿಯ ಹೂಗೊಂಚಲು, ಬಳಿಕ ಕಪ್ಪಿಗೆ ತಿರುಗಿದ ಸಣ್ಣ ಹಣ್ಣು, ಅದರಿಂದ ಆಂಗ್ಲ ಗೃಹಿಣಿಯರು ಮಾಡುವ ಪಾನಕ, ಮದ್ಯ, ಹೊಲದ ಬೇಲಿಗಳಲ್ಲಿ ಅದು ತಾನಾಗಿಯೇ ಹುಟ್ಟಿ ಬೆಳೆಯುವ ರೀತಿ. ವರ್ಣನೆ ಚೆನ್ನಾಗಿಯೇ ಸಾಗಿತ್ತು. ಆಗ ಹಿಂದಿನ ಬೆಂಚಿನಿಂದ ಹಳ್ಳಿಯ ಹುಡುಗನೊಬ್ಬ ಎದ್ದು, “ನಮ್ಮ ಕಡೆ ಬೇಲಿಯಲ್ಲಿರುವ ಕವಳೆಯ ಹಾಗೆಯೇ, ಸಾರ್?” ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಎಲ್ಡರನ್ನು ನಾನು ಕಣ್ಣಾರೆ ಕಂಡವನಲ್ಲ. ಕವಳೆಯನ್ನು ಕಂಡಿದ್ದರೂ ನಿಂತು ನೋಡಿದವನಲ್ಲ. ಮರುವಾರ ಅವನು ಊರಿನಿಂದ ಒಂದು ರೆಂಬೆಯನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, “ಚುಚ್ಚುತ್ತೆ, ಸಾರ್, ನಿಧಾನ” ಎಂದ. ಆ ದಿನ ಆರಂಭವಾದ ಪರಿಚಯದ ಫಲವೇ ಈ ಭಾಷಣ.

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಓದು ಬಲ್ಲವರಲ್ಲಿ ಈ ಗಾದೆ ಇನ್ನೂ ಒಂದು ಮೆಟ್ಟಲು ಮೇಲಕ್ಕೇರಿದೆ: ನಮಗೆ ಹಿತ್ತಲ ಗಿಡ ಗಿಡವೇ ಅಲ್ಲ. ಡ್ಯಾಫೊಡಿಲ್ ಹೂವಿನ ಬಣ್ಣವನ್ನು ಕೇಳಿದರೆ ತಟ್ಟನೆ ಹೇಳುವ ವಿದ್ಯಾರ್ಥಿ, ತನ್ನ ಮನೆಯಿಂದ ಕಾಲೇಜಿಗೆ ಬರುವ ದಾರಿಯ ಪೊದೆಗಳಲ್ಲಿ ನಾಲ್ಕರ ಹೆಸರನ್ನು ಹೇಳಲಾರ. ಅವನಿಗೆ ಪಾಠ ಹೇಳಿದವನ ಸ್ಥಿತಿಯನ್ನು ಆಗಲೇ ಅರಿಕೆಮಾಡಿದ್ದೇನೆ.

ಎಲ್ಡರಿನ ದೇಶದವರು ಏನು ಮಾಡುತ್ತಿದ್ದಾರೆಂಬುದನ್ನು ನೋಡುವುದು ಇಲ್ಲಿ ಪ್ರಯೋಜನಕರ. ಉತ್ತರ ಅಮೆರಿಕದ ಪೂರ್ವಭಾಗಗಳಲ್ಲಿ ಆ ನೆಲದ್ದೇ ಆದ ಎಲ್ಡರ್ ಜಾತಿಯೊಂದುಂಟು. ಬಹುಕಾಲ ಅದು ಹಳ್ಳಕೊಳ್ಳಗಳ ಅಂಚಿನ ಕಾಡುಪೊದೆಯಾಗಿಯೇ ಇತ್ತು. ಅನಂತರ ಕೆಲವರು ಒಳ್ಳೆಯ ಹಣ್ಣಿನ ಪೊದೆಗಳನ್ನು ಆರಿಸಿ ತಂದು ಬೆಳೆಸಿದರು. ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಎಂಬ ಊರಿನ ಪ್ರಯೋಗಕ್ಷೇತ್ರದವರು ೧೯೨೬ರಲ್ಲಿ ಆಡಮ್ಸ್ ಎಂಬ ತಳಿಯನ್ನು ಹೊರತಂದರು. ಈಚೆಗೆ ಅಲ್ಲಿಯ ಗೃಹಸ್ಥರು ಮನೆಯ ಅಂಗಳದಲ್ಲಿ ಪರದೇಶದ ಅಲಂಕಾರಗಿಡಗಳಿಗೆ ಬದಲಾಗಿ ಇಂಥ ಸ್ವದೇಶದ ಪೊದೆಗಳನ್ನು ನೆಡಲು ತೊಡಗಿದ್ದಾರೆ. ಅವರು ಕೊಡುವ ಕಾರಣಗಳು ಸರಳ: ಗಿಡ ಆ ಮಣ್ಣಿಗೆ, ಆ ಹವೆಗೆ ಒಗ್ಗಿದ್ದು, ಆರೈಕೆ ಸ್ವಲ್ಪ ಸಾಕು, ಹೂವಿಗೆ ದುಂಬಿ ಬರುತ್ತದೆ, ಹಣ್ಣಿಗೆ ಹಕ್ಕಿ ಬರುತ್ತದೆ, ಮಿಕ್ಕದ್ದು ಮನೆಯವರಿಗೆ. ಈ ಕಾರಣಗಳಲ್ಲಿ ನಮಗೆ ಹೊಂದದ ಕಾರಣ ಯಾವುದಿದೆ? ಗಿಡ ಮಾತ್ರ ಬೇರೆಯಾಗಬೇಕು. ಎಲ್ಡರಿಗೆ ತಂಪಾದ, ತೇವವಾದ ನೆಲ ಬೇಕು. ನಮ್ಮ ಬಯಲುಸೀಮೆಯ ಮನೆಗೆ ಕವಳೆ ಬೇಕು.

ಕವಳೆಯೆಂದರೆ ಯಾವುದು? ಮಲೆನಾಡಿನವರಿಗೂ ಉತ್ತರ ಕನ್ನಡದವರಿಗೂ ಇದನ್ನು ಹೇಳಬೇಕಾದ್ದಿಲ್ಲ. ಕವಳೆ, ಕವಳಿ ಎಂದು ಒಳನಾಡಿನವರೂ, ಕರಂಡೆಯೆಂದು ಕರಾವಳಿಯವರೂ ಕರೆಯುವ ಗಿಡವಿದು. ಸಂಸ್ಕೃತದಲ್ಲಿ ಇದಕ್ಕೆ ಕರಮರ್ದವೆಂದು ಹೆಸರು; ಮರಾಠಿಯಲ್ಲಿ ಕರವಂದ, ಹಿಂದಿಯಲ್ಲಿ ಕರೌಂದಾ. ಕಾರಿಸ್ಸ ಕರಂಡಾಸ್ ಎಂಬುದು ಸಸ್ಯಶಾಸ್ತ್ರಜ್ಞರ ಹೆಸರು; ಆ ಎರಡನೆಯ ಪದದಲ್ಲಿ ನಮ್ಮ ಕರಂಡೆಯ ಧ್ವನಿಯೇ ಕೇಳಿಸುತ್ತದೆ. ಕುರುಚಲು ಕಾಡಿನಲ್ಲಿಯೂ ಗುಡ್ಡದ ಇಳಿಜಾರಿನಲ್ಲಿಯೂ ಕಾಣುವ ಸಣ್ಣ ಹಣ್ಣಿನ ಜಾತಿಯೊಂದು ಬೇರೆಯಿದೆ. ಕರಂಡಾಸಿನ ಹಣ್ಣು ಅದಕ್ಕಿಂತ ದೊಡ್ಡದು, ಅರ್ಧ ಅಂಗುಲದಿಂದ ಒಂದು ಅಂಗುಲದವರೆಗೆ ಇರುತ್ತದೆ. ಎರಡೂ ನಮ್ಮ ನೆಲದವೇ. ಹಳ್ಳಿಯ ಮಕ್ಕಳಿಗೆ ಎರಡೂ ಕವಳೆಯೇ.

ಗಿಡದ ರೂಪು ಹೀಗಿದೆ. ಎದುರುಬದುರಾಗಿ ಹುಟ್ಟುವ, ಗಟ್ಟಿಯಾದ, ಹೊಳೆಯುವ ಹಸುರೆಲೆ. ಕವಲಿನ ಬಳಿ ಜೋಡಿಜೋಡಿಯಾಗಿ ನಿಂತ ಮುಳ್ಳು. ಕೆಲವು ಮುಳ್ಳುಗಳು ತುದಿಯಲ್ಲಿ ಮತ್ತೆ ಎರಡಾಗಿ ಸೀಳಿರುತ್ತವೆ. ಎಲೆಯನ್ನು ಕಿತ್ತರೆ ಬಿಳಿಯ ಹಾಲು. ಚಳಿ ಕಳೆಯುವ ಹೊತ್ತಿಗೆ ರೆಂಬೆಗಳ ತುದಿಯಲ್ಲಿ ಐದೈದು ಎಸಳಿನ ಬಿಳಿಯ ಹೂವು ಗೊಂಚಲಾಗಿ ಅರಳುತ್ತದೆ; ಪರಿಮಳದಲ್ಲಿ ಮಲ್ಲಿಗೆಯ ದಾಯಾದಿಯೆನ್ನಬಹುದು. ಕಾಯಿ ಮೊದಲು ಹಸುರು, ಬಳಿಕ ಕೆನ್ನೆಗೆಂಪು, ಕೊನೆಗೆ ಕಡುನೇರಿಳೆಯಿಂದ ಕಪ್ಪು. ಮಾವಿನ ಮಿಡಿಯ ಕಾಲಕ್ಕೆ ಕಾಯಿಯಾಗಿ, ಮುಂಗಾರಿನ ಹೊತ್ತಿಗೆ ಹಣ್ಣಾಗುವುದು ನಮ್ಮ ಕಡೆಯ ಸಾಮಾನ್ಯ ಕ್ರಮ. ಸೀಮೆಯಿಂದ ಸೀಮೆಗೆ ಸ್ವಲ್ಪ ಹಿಂದುಮುಂದಾಗುತ್ತದೆ.

ಈ ಮುಳ್ಳಿನ ಪೊದೆಗೆ ಒಂದು ಇತಿಹಾಸವೂ ಉಂಟು. ಅದು ಅಷ್ಟು ಮಧುರವಾದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸರಕಾರವು ಉಪ್ಪಿನ ಮೇಲೆ ಭಾರಿಯಾದ ಸುಂಕವನ್ನು ಹೇರಿತ್ತು. ಕಡಮೆ ಸುಂಕದ ಪ್ರಾಂತಗಳಿಂದ ಉಪ್ಪು ಕಳ್ಳದಾರಿಯಲ್ಲಿ ಒಳಕ್ಕೆ ಬಾರದಂತೆ ತಡೆಯುವುದಕ್ಕಾಗಿ ಉತ್ತರ ಇಂಡಿಯಾದಲ್ಲಿ ಒಂದು ಸುಂಕದ ಎಲ್ಲೆಯನ್ನು ಎಳೆದರು. ೧೮೬೯ರಲ್ಲಿ ಆ ಎಲ್ಲೆ ಸಿಂಧೂನದಿಯಿಂದ ಮಹಾನದಿಯವರೆಗೆ ಸುಮಾರು ೨,೩೦೦ ಮೈಲಿ ಹಬ್ಬಿತ್ತು. ಅದನ್ನು ಕಾಯಲು ಸುಮಾರು ೧೨,೦೦೦ ಜನ ಸಿಬ್ಬಂದಿ. ಆ ಎಲ್ಲೆಯ ಬಹುಭಾಗದಲ್ಲಿ ಮುಳ್ಳಿನ ಬೇಲಿ. ಮೊದಲು ಒಣಮುಳ್ಳನ್ನು ಹೊತ್ತು ತಂದು ಒಟ್ಟುತ್ತಿದ್ದರು. ಗೆದ್ದಲು ಅದನ್ನು ತಿಂದಿತು, ಗಾಳಿ ಹಾರಿಸಿತು, ಬೆಂಕಿ ಸುಟ್ಟಿತು. ೧೮೬೭ರಿಂದ ೧೮೭೦ರವರೆಗೆ ಆ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರೆಂದು ಪ್ರಸಿದ್ಧರಾದವರು ಇವರೇ. ಜೀವಂತ ಬೇಲಿಯಾದರೆ ತನ್ನನ್ನು ತಾನೇ ದುರಸ್ತಿಮಾಡಿಕೊಳ್ಳುತ್ತದೆಂದು ಮನಗಂಡ ಹ್ಯೂಮರು ಆಯಾ ಸೀಮೆಯ ಮಣ್ಣಿಗೆ ಹೊಂದುವ ಗಿಡಗಳನ್ನು ಪರೀಕ್ಷಿಸಿ ನೆಡಿಸಿದರು: ಜಾಲಿ, ಎಲಚಿ, ಕಳ್ಳಿ ಮತ್ತು ನಮ್ಮ ಕವಳೆ. ಆಳೆತ್ತರವನ್ನು ಮೀರಿದ ಆ ಬೇಲಿಯನ್ನು ದಾಟುವುದು ಮನುಷ್ಯನಿಗೂ ದನಕ್ಕೂ ಅಸಾಧ್ಯವಾಗಿತ್ತಂತೆ. ೧೮೭೯ರಲ್ಲಿ ಆ ಸುಂಕದ ಎಲ್ಲೆಯನ್ನು ತೆಗೆದುಹಾಕಿದರು. ಬೇಲಿಯೂ ಕ್ರಮವಾಗಿ ಹೊಲಗಳಲ್ಲಿ, ರಸ್ತೆಗಳಲ್ಲಿ ಅಡಗಿ, ಜನರ ನೆನಪಿನಿಂದಲೂ ಮರೆಯಾಯಿತು. ಬಹುಕಾಲದ ಮೇಲೆ ರಾಯ್ ಮಾಕ್ಸಮ್ ಎಂಬ ಆಂಗ್ಲ ಲೇಖಕರು ಅದರ ಅವಶೇಷವನ್ನು ಹುಡುಕುತ್ತ ಊರೂರು ಅಲೆದು, ೨೦೦೧ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಕ್ಕಲಾರದು. ಆದರೆ ಅಪರಾಧ ಗಿಡದ್ದಲ್ಲ. ಬಡವನ ಉಪ್ಪನ್ನು ತಡೆಯಲು ನಿಲ್ಲಿಸಿದಾಗಲೂ ಕವಳೆ ಹೂಬಿಟ್ಟು ಹಣ್ಣು ಕೊಟ್ಟಿತ್ತು. ಅದೇ ಗಿಡವನ್ನು ನಾವು ಮನೆಯ ಮುಂದೆ ನಿಲ್ಲಿಸಿಕೊಂಡರೆ, ಕಳ್ಳನನ್ನೂ ದನವನ್ನೂ ತಡೆದು, ನೆರೆಯವರಿಗೆ ಬುಟ್ಟಿ ಹಣ್ಣನ್ನು ಕೊಡುವ ಬೇಲಿಯಾಗುತ್ತದೆ. ಕಲ್ಲುಗೋಡೆಗೆ ತಡೆಯುವ ಶಕ್ತಿಯಿದೆ, ಕೊಡುವ ಶಕ್ತಿಯಿಲ್ಲ.

ಕವಳೆ ಏನೇನನ್ನು ಕೊಡುತ್ತದೆಂಬುದನ್ನು ಅಡಿಗೆಯ ಮನೆಯವರು ನನಗಿಂತ ಚೆನ್ನಾಗಿ ಬಲ್ಲರು. ಎಳೆಯ ಕಾಯಿಯನ್ನು ಮಾವಿನ ಮಿಡಿಯೊಡನೆ ಉಪ್ಪಿನಕಾಯಿ ಹಾಕುತ್ತಾರೆ. ಹುಣಿಸೆಗೆ ಬದಲಾಗಿ ಚಟ್ನಿಗೆ, ಗೊಜ್ಜಿಗೆ ಹುಳಿಯಾಗಿ ಬಳಸುತ್ತಾರೆ. ಪೂರ್ತಿ ಮಾಗದ ಹಣ್ಣಿನಲ್ಲಿ ಪೆಕ್ಟಿನ್ ಎಂಬ ವಸ್ತು ಹೇರಳವಾಗಿರುವುದರಿಂದ ಅದರ ರಸವನ್ನು ಸಕ್ಕರೆಯೊಡನೆ ಕಾಯಿಸಿದರೆ ಚೆಂದದ ಜೆಲ್ಲಿಯಾಗುತ್ತದೆ. ಒಂದು ತೊಂದರೆಯನ್ನು ಮುಚ್ಚಿಡಬಾರದು: ಕಾಯಿಯ ಹಾಲು ಪಾತ್ರೆಗೆ ಅಂಟಿಕೊಳ್ಳುತ್ತದೆ. ಎಣ್ಣೆ ಸವರಿ ಉಜ್ಜಿದರೆ ಬಿಡುತ್ತದೆ.

ಇಲ್ಲೊಂದು ತಮಾಷೆಯ ಸಂಗತಿಯುಂಟು. ಬೀಡಾದ ಮೇಲೆ ಚುಚ್ಚಿ ಕೊಡುವ, ಕೇಕಿನ ಮೇಲೆ ಕೂರಿಸುವ ಕೆಂಪು ಚೆರ್ರಿಯನ್ನು ತಾವು ತಿಂದಿರಬಹುದು. ಪಾಶ್ಚಾತ್ಯ ದೇಶದ ಹಣ್ಣೆಂದು ಭಾವಿಸಿ ಅನೇಕರು ಅದನ್ನು ಗೌರವದಿಂದ ಚಪ್ಪರಿಸುತ್ತಾರೆ. ನಮ್ಮ ದೇಶದಲ್ಲಿ ಮಾರುವ ಈ ಚೆರ್ರಿಗಳಲ್ಲಿ ಬಹುಪಾಲು, ಬೀಜ ತೆಗೆದು, ಇದ್ದ ಬಣ್ಣವನ್ನು ಹೋಗಲಾಡಿಸಿ, ಕೆಂಪು ಬಣ್ಣ ಕಟ್ಟಿ, ಸಕ್ಕರೆಯ ಪಾಕದಲ್ಲಿ ಅದ್ದಿದ ಕವಳೆಯ ಕಾಯಿಗಳೇ. ತನ್ನ ಹೆಸರಿನಿಂದ ಬಂದರೆ ಬಾಗಿಲಲ್ಲೇ ನಿಲ್ಲಬೇಕಾದದ್ದು ವೇಷ ಹಾಕಿಕೊಂಡು ಬಂದರೆ ಊಟದ ಮೇಜಿನ ಮೇಲೇ ಕುಳಿತುಕೊಳ್ಳುತ್ತದೆ. ನಮ್ಮ ಶಿಕ್ಷಣದ ಮೇಲೆ ಇದಕ್ಕಿಂತ ಹರಿತವಾದ ಟೀಕೆಯನ್ನು ನಾನು ಓದಿಲ್ಲ.

ಇನ್ನು ಹಕ್ಕಿಗಳ ಮಾತು. ಮಾಗಿದ ಹಣ್ಣನ್ನು ಪಿಕಳಾರಗಳು ನಮಗಿಂತ ಮೊದಲೇ ಕಂಡುಹಿಡಿಯುತ್ತವೆ. ಮುಳ್ಳಿನ ನಡುವೆ ಬೆಕ್ಕಿನ ಕೈಗೆ ಎಟಕದಂತೆ ಅವು ಗೂಡನ್ನೂ ಕಟ್ಟಬಲ್ಲವು. ನುಣುಪಾದ ಸಿಮೆಂಟಿನ ಗೋಡೆಯ ಮೇಲೆ ಗಾಜಿನ ಚೂರನ್ನು ನೆಟ್ಟ ಮನೆಯಲ್ಲಿ ಹಕ್ಕಿ ಎಲ್ಲಿ ಕುಳಿತೀತು?

ಬೆಳೆಸುವ ಕ್ರಮವನ್ನು ಈಗ ಅರಿಕೆಮಾಡುತ್ತೇನೆ. ನನ್ನ ಎರಡು ತಪ್ಪುಗಳ ಮೂಲಕ ಹೇಳುವುದೇ ಸುಲಭ. ಮೊದಲನೆಯ ವರ್ಷ ನಾನು ಹಣ್ಣಿನಿಂದ ಬೀಜವನ್ನು ತೆಗೆದು, ತೊಳೆದು, ಒಣಗಿಸಿ, ಡಬ್ಬಿಯಲ್ಲಿ ಭದ್ರವಾಗಿ ಇಟ್ಟು, ಮರುವರ್ಷ ಮಳೆಗಾಲಕ್ಕೆ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ನೆರೆಮನೆಗೆ ಬರುತ್ತಿದ್ದ ವೃದ್ಧ ತೋಟಗಾರನನ್ನು ಕೇಳಿದಾಗ ಆತ ನಕ್ಕು, “ಹಣ್ಣು ತಿಂದ ಕೈಯಲ್ಲೇ ಬಿತ್ತಬೇಕು ಸ್ವಾಮಿ, ಇದು ರಾಗಿಯಲ್ಲ” ಎಂದ. ಪುಸ್ತಕಗಳನ್ನು ತೆರೆದು ನೋಡಿದರೆ ಅವೂ ಅದನ್ನೇ ಹೇಳುತ್ತವೆ: ಕವಳೆಯ ಬೀಜ ಬಹುಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಚೆನ್ನಾಗಿ ಮಾಗಿದ ಹಣ್ಣನ್ನು ಕಿವಿಚಿ, ತಿರುಳನ್ನು ತೊಳೆದು, ಬೀಜವನ್ನು ಒಡನೆಯೇ ಮರಳು ಬೆರೆಸಿದ ಮಣ್ಣಿನಲ್ಲಿ ತೆಳುವಾಗಿ ಬಿತ್ತಬೇಕು. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಸಸಿ ಮೊದಲು ನಿಧಾನವಾಗಿ ಬೆಳೆಯುತ್ತದೆ. ಕುಂಡದಲ್ಲಿ ಒಂದು ವರ್ಷ ಬಲಿತ ಮೇಲೆ, ಮುಂಗಾರು ನಿಂತು ಸುರಿಯುವ ಕಾಲಕ್ಕೆ ನೆಲಕ್ಕೆ ಇಳಿಸಬೇಕು. ಅಷ್ಟು ತಾಳ್ಮೆಯಿಲ್ಲದವರು ಸಸ್ಯಕ್ಷೇತ್ರಗಳಿಂದ ಸಸಿಗಳನ್ನು ಕೊಳ್ಳಬಹುದು. ಪಂತನಗರದ ಕೃಷಿ ವಿಶ್ವವಿದ್ಯಾಲಯದವರೂ ಕೊಂಕಣದ ದಾಪೋಲಿಯ ವಿಶ್ವವಿದ್ಯಾಲಯದವರೂ ಆರಿಸಿ ಹೊರತಂದ ದೊಡ್ಡ ಹಣ್ಣಿನ ತಳಿಗಳೂ ಉಂಟು.

ಬೇಲಿಗಾದರೆ ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ ಅಂತರವಿರಲಿ; ಹಣ್ಣಿಗೆಂದೇ ಒಂಟಿಯಾಗಿ ನೆಡುವುದಾದರೆ ಸುತ್ತಲೂ ಎಂಟು ಹತ್ತು ಅಡಿ ಬಿಡಬೇಕು. ಒಂದೂವರೆ ಅಡಿ ಗುಣಿ, ಸ್ವಲ್ಪ ಕೊಟ್ಟಿಗೆಯ ಗೊಬ್ಬರ, ಇಷ್ಟು ಸಾಕು. ಕಲ್ಲುಮಣ್ಣಾದರೂ ಕವಳೆ ಬೇಸರಿಸದು. ನೀರು ನಿಲ್ಲುವ ಜಾಗವನ್ನು ಮಾತ್ರ ಸಹಿಸದು. ಬಿಸಿಲು ಪೂರ್ತಿ ಬೇಕು. ಮೊದಲನೆಯ ಬೇಸಗೆಯಲ್ಲಿ ನೀರು ಹಾಕಿ ಕಾಪಾಡಿದರೆ, ಬೇರು ಇಳಿದ ಮೇಲೆ ಮಳೆಯ ನೀರಿನಲ್ಲಿಯೇ ಬದುಕುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ನಗರಗಳಲ್ಲಿ ಈ ಗುಣವನ್ನು ಸಣ್ಣದೆಂದು ಎಣಿಸಬಾರದು. ಮೂರನೆಯ ವರ್ಷದ ಹೊತ್ತಿಗೆ ಹಣ್ಣನ್ನು ಎದುರು ನೋಡಬಹುದು.

ನನ್ನ ಎರಡನೆಯ ತಪ್ಪು ಇಲ್ಲಿಯದು. ಬೇಲಿ ಎದ್ದು ನಿಂತ ಮೇಲೆ, ಚಿತ್ರಗಳಲ್ಲಿ ಕಾಣುವ ಆಂಗ್ಲ ಉದ್ಯಾನಗಳ ಬೇಲಿಯಂತೆ ಅದು ಗೆರೆ ಎಳೆದ ಹಾಗಿರಬೇಕೆಂದು ತಿಂಗಳಿಗೊಮ್ಮೆ ಕತ್ತರಿ ಹಿಡಿದು ಸವರಿದೆ. ಬೇಲಿ ಅಚ್ಚುಕಟ್ಟಾಗಿ ಬಂತು, ಹೂವು ಬರಲಿಲ್ಲ. ಕವಳೆಯ ಹೂವು ರೆಂಬೆಯ ತುದಿಯಲ್ಲಿ ಹುಟ್ಟತಕ್ಕದ್ದು. ತುದಿಯನ್ನೇ ಕತ್ತರಿಸುತ್ತಿದ್ದರೆ ಹೂವು ಎಲ್ಲಿಂದ ಬಂದೀತು? ಹಣ್ಣಿನ ಕಾಲ ಮುಗಿದ ಮೇಲೆ ವರ್ಷಕ್ಕೆ ಒಂದು ಸಲ ಸವರಿ, ಉಳಿದ ಕಾಲದಲ್ಲಿ ಗಿಡವನ್ನು ಅದರ ಪಾಡಿಗೆ ಬಿಡುವುದೇ ಸರಿಯಾದ ಮಾರ್ಗ. ಅಚ್ಚುಕಟ್ಟು ಬೇಕೋ, ಹಣ್ಣು ಬೇಕೋ ಎಂಬುದನ್ನು ಮನೆಯವರು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಆಕ್ಷೇಪಣೆಗಳು ಇಲ್ಲದಿಲ್ಲ. ಮುಳ್ಳು ಮಕ್ಕಳಿಗೆ ಚುಚ್ಚೀತೆಂಬುದು ಮೊದಲನೆಯದು. ಚುಚ್ಚುವುದು ನಿಜ. ಬಾಗಿಲ ಬಳಿಯಲ್ಲಿಯೂ ಕಾಲುದಾರಿಯ ಅಂಚಿನಲ್ಲಿಯೂ ಇದನ್ನು ನೆಡಲೇಬಾರದು. ದಾರಿಯಿಂದ ಮೂರು ನಾಲ್ಕು ಅಡಿ ಒಳಕ್ಕೆ ನೆಡಬೇಕು. ನಿವೇಶನ ಸಣ್ಣದೆಂಬುದು ಎರಡನೆಯದು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಸುತ್ತಲೂ ಬೇಲಿ ಕಟ್ಟುವಷ್ಟು ಎಡೆಯಿಲ್ಲವೆಂಬುದನ್ನು ಒಪ್ಪುತ್ತೇನೆ; ಹಿತ್ತಿಲಿನ ಮೂಲೆಯಲ್ಲಿ ಒಂದೇ ಪೊದೆಯಾದರೂ ನಿಂತೀತು. ಪೊದೆಯಿದ್ದರೆ ಹಾವು ಸೇರುತ್ತದೆಂದು ಕೆಲವರ ಭಯ. ಬುಡದಲ್ಲಿ ಕಸಕಡ್ಡಿ, ಇಟ್ಟಿಗೆಯ ಚೂರು ಸೇರದಂತೆ ನೋಡಿಕೊಂಡರೆ ಈ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಆಕ್ಷೇಪಣೆಗಿಂತ ಮುಖ್ಯವಾದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ಬೇಲಿಗಳಲ್ಲಿ ಸಾಮಾನ್ಯವಾಗಿರುವ ಕಣಗಿಲೆ ಕವಳೆಯ ಕುಟುಂಬಕ್ಕೇ ಸೇರಿದ್ದು. ಕಣಗಿಲೆಯ ಬೇರು, ಎಲೆ, ಹೂವು ಎಲ್ಲವೂ ವಿಷ. ಹಳದಿ ಹೂವಿನ ಕಣಗಿಲೆಯ ಬೀಜವಂತೂ ಪ್ರಾಣಾಪಾಯಕರ. ಒಂದೇ ಕುಟುಂಬದ ಒಬ್ಬ ಅನ್ನದಾತ, ಇನ್ನೊಬ್ಬ ಕೊಲೆಗಾರ! ಎಲ್ಡರಿನಲ್ಲಾದರೋ ಇವರಿಬ್ಬರೂ ಒಂದೇ ಗಿಡದಲ್ಲಿ ವಾಸವಾಗಿದ್ದಾರೆ: ಅದರ ಮಾಗಿದ ಹಣ್ಣನ್ನು ಬೇಯಿಸಿದರೆ ಆಹಾರ, ಎಲೆ, ಕಡ್ಡಿ, ಹಸಿಕಾಯಿ ವಿಷ. ೧೯೮೩ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಎಲೆ ಕಡ್ಡಿಗಳ ಸಮೇತ ಹಸಿಯಾಗಿ ಹಿಂಡಿದ ಎಲ್ಡರ್ ರಸವನ್ನು ಕುಡಿದು ಅಸ್ವಸ್ಥರಾಗಿ, ಅವರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ತಮ್ಮ ಅಜ್ಜಿಯರನ್ನು ಕೇಳಿ ತಿಳಿದಿದ್ದರೆ ಅವರಿಗೆ ಈ ಕಷ್ಟ ಬರುತ್ತಿರಲಿಲ್ಲವೇನೋ. ಗಿಡದ ಪರಿಚಯ ತಪ್ಪಿಹೋದರೆ ಹೋಗುವುದು ರುಚಿಯೊಂದೇ ಅಲ್ಲ. ಯಾವುದನ್ನು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವೂ ಹೋಗುತ್ತದೆ. ಮನೆಯ ಮಕ್ಕಳನ್ನು ಬೇಲಿಯ ಬಳಿಗೆ ಕರೆದೊಯ್ದು, ಇದು ಕವಳೆ, ಇದು ಕಣಗಿಲೆ ಎಂದು ಬೆರಳಿಟ್ಟು ತೋರಿಸಬೇಕು. ಹಾಗೆ ತೋರಿಸಬಲ್ಲ ತಂದೆತಾಯಿಗಳು ಇಂದು ನಗರದಲ್ಲಿ ಎಷ್ಟು ಮಂದಿ?

ಚೆಲುವಿಗೆಂದು ತಂದ ಪರದೇಶದ ಗಿಡ ಏನು ಮಾಡಬಲ್ಲುದೆಂಬುದಕ್ಕೆ ಲಂಟಾನವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ಅದನ್ನು ತರಿಸಿದರು. ಬೇಲಿಗೆಂದು ಊರೂರಿಗೆ ಹೋಯಿತು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಹಬ್ಬಿ, ನೆಲದ ಹುಲ್ಲನ್ನೂ ಎಳೆಯ ಸಸಿಗಳನ್ನೂ ಮುಚ್ಚಿ ನಿಂತಿದೆ. ನಮ್ಮ ಬೇಲಿಯ ಆಯ್ಕೆ ನಮ್ಮ ಬೇಲಿಯಲ್ಲಿಯೇ ನಿಲ್ಲುವುದಿಲ್ಲ. ಹಕ್ಕಿ ಅದನ್ನು ದೂರಕ್ಕೆ ಒಯ್ಯುತ್ತದೆ. ಒಯ್ಯುವುದಾದರೆ ಕವಳೆಯನ್ನೇ ಒಯ್ಯಲಿ. ಅದು ತನ್ನ ಮನೆಗೇ ಹಿಂದಿರುಗಿದಂತಾಗುತ್ತದೆ.

ಕಾಲ ಮುಗಿಯುತ್ತ ಬಂದಿತು. ಈಗಲೂ ಪ್ರತಿವರ್ಷ ತರಗತಿಯಲ್ಲಿ ಆ ನಾಟಕ ಬಂದಾಗ ಎಲ್ಡರ್ ಗಿಡದ ಮಾತು ಬರುತ್ತದೆ. ಈಗ ನಾನು ಅದನ್ನು ದೀರ್ಘವಾಗಿ ವರ್ಣಿಸುವುದಿಲ್ಲ. ಮನೆಯ ಬೇಲಿಯಿಂದ ಒಂದು ಕವಳೆಯ ರೆಂಬೆಯನ್ನು ಒಯ್ದು ಬೆಂಚಿನಿಂದ ಬೆಂಚಿಗೆ ಕೊಟ್ಟು, ಎರಡಕ್ಕೂ ಇರುವ ಹೋಲಿಕೆಯೇನು, ಭೇದವೇನು ಎಂದು ಹೇಳುತ್ತೇನೆ. ರೆಂಬೆ ಕೈಯಿಂದ ಕೈಗೆ ಹೋಗುವಾಗ ಹುಡುಗರು ಒಬ್ಬರಿಗೊಬ್ಬರು, “ಚುಚ್ಚುತ್ತೆ, ನಿಧಾನ” ಎಂದು ಎಚ್ಚರಿಸಿಕೊಳ್ಳುವುದು ಕಿವಿಗೆ ಬೀಳುತ್ತದೆ. ಈ ಮಳೆಗಾಲದಲ್ಲಿ ತಮ್ಮಲ್ಲಿ ನಾಲ್ಕು ಮಂದಿಯಾದರೂ ಒಂದೊಂದು ಕವಳೆಯ ಸಸಿಯನ್ನು ನೆಟ್ಟರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.